ಕೆರೆ ಕೇಳದ ಬಾತುಕೋಳಿ

ಬಾತುಕೋಳಿ ಎಂದಕೂಡಲೇ ನೆನಪಿಗೆ ಬರುವುದು ಗದ್ದೆ ಬಯಲು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಭತ್ತದ ಕೊಯ್ಲು ಮುಗಿದ ಮೇಲೆ ನೂರಾರು ಬಾತುಗಳ ಹಿಂಡು ಹೊಡೆದುಕೊಂಡು ಬರುವ ಅಲೆಮಾರಿ ಸಾಕಣೆಗಾರರನ್ನು ತುಂಗಭದ್ರಾ ಸೀಮೆಯವರು ಕಂಡೇ ಇರುತ್ತಾರೆ. ಉದುರಿದ ಕಾಳು, ಬಸವನಹುಳು, ಕೆಸರಿನ ಹುಳುಹುಪ್ಪಟೆ ಇಷ್ಟರಲ್ಲೇ ಆ ಹಿಂಡುಗಳ ಹೊಟ್ಟೆ ತುಂಬುತ್ತದೆ. ಈಗ ತೆಲಂಗಾಣದಲ್ಲಿರುವ ನಾರಾಯಣಖೇಡ, ಜಹೀರಾಬಾದ್, ತಾಂಡೂರುಗಳಲ್ಲಿ ಅಂಥ ಬಯಲು ಎಲ್ಲಿಂದ ಬರಬೇಕು? ತೊಗರಿ, ಜೋಳ, ಹೆಸರು, ಹತ್ತಿಯ ಸೀಮೆ ಇದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಾರಾಯಣಖೇಡ, ಜಹೀರಾಬಾದ್ ಎರಡೂ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿಗೆ ಸೇರಿತ್ತು. ಗಡಿ ಸರಿದರೂ ಮಳೆ, ಮಣ್ಣು, ಬೆಳೆ ಬದಲಾಗಲಿಲ್ಲ. ಮಂಜೀರಾ ನದಿ ಹತ್ತಿರವೇ ಹರಿಯುತ್ತದೆ, ಸಿಂಗೂರು ಜಲಾಶಯವೂ ಇದೆ. ಆದರೆ ಮನೆ ಹಿಂದಿನ ಹಿತ್ತಿಲಿಗೆ ಬೋರ್‌ವೆಲ್ ನೀರೇ ಗತಿ. ಹೀಗಾಗಿ ನಾಲ್ಕು ಕೋಳಿ ಸಾಕುವವರೂ ಬಾತಿನ ಗೊಡವೆಗೆ ಹೋಗುವುದು ಕಡಿಮೆ.

ಮಸ್ಕೋವಿ ಬಾತು ಈ ಲೆಕ್ಕವನ್ನು ತಪ್ಪಿಸುತ್ತದೆ. ನೀರಿನ ಚಿಂತೆ ಇದಕ್ಕೆ ಅಷ್ಟಾಗಿ ಇಲ್ಲ. ಈ ಸೀಮೆಯಲ್ಲಿ ಇದನ್ನು ಸಾಕುವವರು ಕಣ್ಣಿಡಬೇಕಾದದ್ದು ಮೇವಿನ ಡಬ್ಬದ ಮೇಲೆ.

ನಾವು ಸಾಮಾನ್ಯವಾಗಿ ಕಾಣುವ ಸಾಕು ಬಾತುಗಳೆಲ್ಲ, ಖಾಕಿ ಕ್ಯಾಂಪ್‌ಬೆಲ್ ಇರಲಿ, ಬಿಳಿ ಪೆಕಿನ್ ಇರಲಿ, ಮಲ್ಲಾರ್ಡ್ ಎಂಬ ಒಂದೇ ಕಾಡು ಬಾತಿನ ಸಂತತಿ. ಮಸ್ಕೋವಿಯ ವಂಶವೇ ಬೇರೆ. ಇದರ ಶಾಸ್ತ್ರೀಯ ಹೆಸರು ಕೈರೀನಾ ಮಾಸ್ಕೇಟಾ. ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದವರೆಗಿನ ಕಾಡುಗಳು ಇದರ ತವರು. ಕೊಲಂಬಸ್ ಅತ್ತ ಕಾಲಿಡುವ ಎಷ್ಟೋ ಮೊದಲೇ ಅಲ್ಲಿನ ಮೂಲನಿವಾಸಿಗಳು ಇದನ್ನು ಪಳಗಿಸಿದ್ದರು. ಕಾಡಿನಲ್ಲಿ ಇದು ಮರದ ಪೊಟರೆಯಲ್ಲಿ ಮೊಟ್ಟೆಯಿಟ್ಟು, ರಾತ್ರಿ ಕೊಂಬೆಯ ಮೇಲೆ ಕೂತು ಕಳೆಯುವ ಹಕ್ಕಿ. ಅದಕ್ಕೇ ಇದರ ಕಾಲಿನಲ್ಲಿ ಈಜುವ ಪೊರೆಯ ಜೊತೆಗೆ ಚೂಪಾದ, ಬಾಗಿದ ಉಗುರುಗಳೂ ಇವೆ. ಮೊದಲ ಸಲ ಎತ್ತಿಕೊಳ್ಳುವವರ ಮುಂಗೈ ಗೀರುವುದು ಈ ಉಗುರುಗಳೇ. ಹಿಡಿಯುವಾಗ ರೆಕ್ಕೆಗಳನ್ನು ಮೈಗೊತ್ತಿ, ಕಾಲುಗಳನ್ನು ಹೊರಮುಖ ಮಾಡಿ ಎತ್ತಿಕೊಳ್ಳಬೇಕು.

ಮುಖದ ಮೇಲಿನ ಕೆಂಪು ಗಂಟುಗಂಟಾದ ಚರ್ಮವೇ ಇದರ ಗುರುತು. ಗಂಡಿಗೆ ಅದು ಕಣ್ಣಿನ ಸುತ್ತ ದಟ್ಟವಾಗಿ ಹಬ್ಬುತ್ತದೆ. ಗಂಡು 4ರಿಂದ 6 ಕಿಲೊ ತೂಗಿದರೆ ಹೆಣ್ಣು ಅದರ ಅರ್ಧದಷ್ಟಿರುತ್ತದೆ. ಊರ ನಡುವೆ ಸಾಕುವವರಿಗೆ ಇನ್ನೊಂದು ಅನುಕೂಲ, ಇದು ಗದ್ದಲ ಮಾಡುವುದಿಲ್ಲ. ಗಂಡು ಬುಸ್ಸೆಂದು ಉಸಿರು ಬಿಡುತ್ತದೆ, ಹೆಣ್ಣು ಮೆಲ್ಲಗೆ ಸಿಳ್ಳೆಯಂಥ ದನಿ ಹೊರಡಿಸುತ್ತದೆ. ಗೋಡೆಗೆ ಗೋಡೆ ಅಂಟಿದ ಮನೆಗಳಿರುವ ಓಣಿಯಲ್ಲಿ ಇದು ಸಣ್ಣ ಮಾತಲ್ಲ.

ಕೆರೆ ಬೇಡ ಎಂದ ಮಾತ್ರಕ್ಕೆ ನೀರೇ ಬೇಡವೆಂದಲ್ಲ. ಬಾತು ತನ್ನ ಕೊಕ್ಕು, ಮೂಗಿನ ಹೊಳ್ಳೆ, ಕಣ್ಣುಗಳನ್ನು ನೀರಿನಲ್ಲಿ ಅದ್ದಿ ತೊಳೆದುಕೊಳ್ಳಬೇಕು. ಕೋಳಿಗೆ ಇಡುವ ತಟ್ಟೆಯ ನೀರು ಇದಕ್ಕೆ ಸಾಲದು. ತಲೆ ಮುಳುಗುವಷ್ಟು ಆಳದ ಬಕೆಟ್ಟು ದಿನವಿಡೀ ಇರಬೇಕು. ವಾರಕ್ಕೆರಡು ಸಲವಾದರೂ ಮೈ ತೊಳೆಯಲು ಅಗಲ ಬಾಯಿಯ ಪ್ಲಾಸ್ಟಿಕ್ ಟಬ್ಬು ಇಟ್ಟರೆ ಗರಿಗಳು ಚೊಕ್ಕಟವಾಗಿರುತ್ತವೆ. ಆ ಗೊಬ್ಬರದ ನೀರನ್ನು ಕರಿಬೇವು, ಬಾಳೆ, ನಿಂಬೆಗೆ ಸುರಿಯಬಹುದು, ಬೋರ್‌ವೆಲ್ ಊರಿನಲ್ಲಿ ಒಂದು ಹನಿಯೂ ಹಾಳಾಗುವುದಿಲ್ಲ. ಮೇವು ಇಡುವಾಗ ಪಕ್ಕದಲ್ಲೇ ನೀರು ಇರಲೇಬೇಕು. ಒಣ ಹಿಟ್ಟು ಬಾತಿನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಬೇಸಿಗೆ ನಿಜವಾದ ಪರೀಕ್ಷೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಕ್ಕಿಗೆ ಬೆವರು ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು, ಗರಿಯಿಲ್ಲದ ಕಾಲು ಮತ್ತು ಕೊಕ್ಕಿನ ಮೂಲಕ ಅದು ಮೈಯ ಕಾವನ್ನು ಹೊರಹಾಕುತ್ತದೆ. ಕಾಲಿಟ್ಟು ನಿಲ್ಲಲು ನಾಲ್ಕು ಬೆರಳು ತಂಪು ನೀರು, ಬೇವಿನದೋ ಹುಣಸೆಯದೋ ನೆರಳು ಸಿಕ್ಕರೆ ಅದು ಸಂಜೆಯವರೆಗೆ ಸುಧಾರಿಸಿಕೊಳ್ಳುತ್ತದೆ. ತಗಡಿನ ಸೂರಿನಡಿ ಕೂಡಿಹಾಕಿದರೆ ಮಧ್ಯಾಹ್ನ ಮೂರಕ್ಕೇ ಹಕ್ಕಿ ಸಾಯಬಹುದು. ತಾಂಡೂರಿನ ಪರಸಿ ಕಲ್ಲು ಈ ಕಡೆ ಅಗ್ಗ, ಗೂಡಿನ ನೆಲಕ್ಕೂ ಅದನ್ನೇ ಹಾಸುವ ಮನಸ್ಸಾಗುತ್ತದೆ. ತೊಳೆಯಲು ಅದು ಸುಲಭ ನಿಜ. ಆದರೆ ಬರಿಗಲ್ಲಿನ ಮೇಲೆ ಇಷ್ಟು ಭಾರದ ಹಕ್ಕಿ ದಿನವೂ ನಿಂತರೆ ಅಂಗಾಲು ಬಿರಿದು ಬಾವು ಬರುತ್ತದೆ. ಮೇಲೆ ನಾಲ್ಕು ಬೆರಳು ಒಣ ಹೊಟ್ಟು ಹರಡಿ, ಒದ್ದೆಯಾದಂತೆ ತೆಗೆಯುತ್ತಿರಬೇಕು. ಒಂದು ಹಕ್ಕಿಗೆ ನಾಲ್ಕೈದು ಚದರಡಿ ರಾತ್ರಿಯ ಗೂಡು ಸಾಕು. ಬಾಗಿಲು ಮಾತ್ರ ಗಟ್ಟಿಯಾಗಿರಲಿ, ಬೀದಿನಾಯಿ, ಮುಂಗುಸಿ, ಕಾಡುಬೆಕ್ಕುಗಳಿಗೆ ಸಡಿಲ ಜಾಳಿಗೆ ಲೆಕ್ಕವೇ ಅಲ್ಲ.

ಮೊದಲ ಸಲ ಸಾಕುವವರು ಒಂದು ದಿನದ ಮರಿ ತರುವ ಆಸೆ ಬಿಡುವುದು ಒಳ್ಳೆಯದು. ಪುಕ್ಕ ಬಲಿತ, ಎರಡು ತಿಂಗಳು ದಾಟಿದ ಒಂದು ಗಂಡು, ಮೂರು ನಾಲ್ಕು ಹೆಣ್ಣು ತಂದರೆ ಅರ್ಧ ಕಷ್ಟ ಕಳೆಯಿತು. ಎರಡು ಗಂಡು ಒಂದೇ ಹಿತ್ತಿಲಲ್ಲಿ ಬೇಡ. ಅವು ಕಾದಾಡುವುದಷ್ಟೇ ಅಲ್ಲ, ಹೆಣ್ಣುಗಳ ಕತ್ತಿನ ಗರಿ ಕಿತ್ತು ಗಾಯ ಮಾಡುತ್ತವೆ. ಹೆಣ್ಣು ಹಗುರ, ಚೆನ್ನಾಗಿ ಹಾರುತ್ತದೆ. ಒಂದು ಕಡೆಯ ರೆಕ್ಕೆಯ ಉದ್ದ ಗರಿಗಳನ್ನು ಮಾತ್ರ ಕತ್ತರಿಸಿದರೆ ಸಮತೋಲ ತಪ್ಪಿ ಗೋಡೆ ದಾಟುವುದಿಲ್ಲ. ಬಲಿತ ಗರಿಗೆ ನೋವಿಲ್ಲ, ರಕ್ತವಿರುವ ಎಳೆಗರಿಗೆ ಕತ್ತರಿ ಹಾಕಬಾರದು. ಗರಿ ಉದುರಿ ಹೊಸದು ಬಂದಾಗ ಮತ್ತೆ ಕತ್ತರಿಸಬೇಕು.

ಈಗ ಮೇವಿನ ಮಾತು. ಜೋಳದ ನುಚ್ಚು, ಮುರುಕು ಅಕ್ಕಿ, ಮೆಕ್ಕೆಜೋಳ, ಸೊಪ್ಪು, ಹುಲ್ಲು, ಗೆದ್ದಲು, ಮನೆಯ ಉಳಿದ ಅನ್ನ ಇವೆಲ್ಲ ಬೆಳೆದ ಮಸ್ಕೋವಿಗೆ ಸಲ್ಲುತ್ತವೆ. ಬೇರೆ ಬಾತುಗಳಿಗಿಂತ ಹೆಚ್ಚು ಹುಲ್ಲು ಮೇಯುವ ಹಕ್ಕಿಯಾದ್ದರಿಂದ ಖರ್ಚೂ ಕಡಿಮೆ. ತೊಟ್ಟಿಯಲ್ಲಿ ಅಜೋಲಾ ಬೆಳೆಸಿದರೆ ಇನ್ನೂ ಹಗುರ. ತೊಂದರೆ ಬರುವುದು ಮರಿಗಳಿಗೆ.

ಬಾತಿನ ಮರಿಗೆ ನಯಾಸಿನ್, ಅಂದರೆ ಬಿ3 ಜೀವಸತ್ವ, ಕೋಳಿಮರಿಗಿಂತ ಬಹಳ ಹೆಚ್ಚು ಬೇಕು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಕೊಟ್ಟ ಕೋಷ್ಟಕದಲ್ಲಿ ಬಾತಿನ ಮರಿಯ ಪ್ರತಿ ಕಿಲೊ ಮೇವಿಗೆ 55 ಮಿಲಿಗ್ರಾಂ ನಯಾಸಿನ್ ಹೇಳಿದೆ, ಮೊಟ್ಟೆಕೋಳಿಯ ಮರಿಗೆ 27. ಇದು ಸಾಲದಾದಾಗ ಮರಿಯ ಕಾಲು ಬಿಲ್ಲಿನಂತೆ ಬಾಗುತ್ತದೆ, ಕೀಲು ಊದುತ್ತದೆ, ಮರಿ ಕೂತಲ್ಲೇ ಕೂರುತ್ತದೆ. ಪೆಟ್ಟು ಬಿದ್ದಿದೆ ಎಂದು ಅರಿಸಿನ ಹಚ್ಚುತ್ತ ಕೂತರೆ ಕೆಲವೇ ದಿನಗಳಲ್ಲಿ ಅದು ವಾಸಿಯಾಗದ ಊನವಾಗುತ್ತದೆ.

ದಖ್ಖಣಕ್ಕೂ ನಯಾಸಿನ್‌ಗೂ ಹಳೆಯ ನಂಟಿದೆ. ಜೋಳವನ್ನೇ ನೆಚ್ಚಿ ಬದುಕುತ್ತಿದ್ದ ಇಲ್ಲಿನ ಬಡವರಲ್ಲಿ ಪೆಲ್ಲಾಗ್ರ ಕಾಣಿಸಿಕೊಳ್ಳುತ್ತಿತ್ತು. ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಮಂಕು ಅದರ ಲಕ್ಷಣ. ನಯಾಸಿನ್ ಕೊರತೆಯೇ ಈ ರೋಗದ ಮೂಲ. ಹೈದರಾಬಾದಿನಲ್ಲಿ ಇಂದು ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಎಂದು ಕರೆಯುವ ಪ್ರಯೋಗಾಲಯದಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಇದನ್ನು ಅಧ್ಯಯನ ಮಾಡಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲಕ್ಕೂ ಈ ರೋಗಕ್ಕೂ ಸಂಬಂಧವಿದೆ ಎಂದು 1960ರಲ್ಲಿ ಪ್ರಕಟಿಸಿದರು. ಆ ವಾದದ ಬಗ್ಗೆ ಮುಂದೆ ಚರ್ಚೆ ನಡೆದರೂ, ಬರೀ ಜೋಳ ಉಂಡರೆ ಸಾಲದು ಎಂಬುದು ಖಚಿತವಾಯಿತು. ಬಾತಿನ ಮರಿಗೂ ಅದೇ ಮಾತು ಸಲ್ಲುತ್ತದೆ. ಬರಿಯ ನುಚ್ಚು ಹಾಕಿ ಬೆಳೆಸಲಾಗದು. ತೌಡು, ಕಾಳಿನ ಪುಡಿ, ಒಣಮೀನಿನ ಪುಡಿ ಸೇರಿಸಬೇಕು. ಕಾಲು ಸೋಲುವ ಸುಳಿವು ಕಂಡ ದಿನವೇ ಪಶುವೈದ್ಯರನ್ನು ಕೇಳಿ, ನಯಾಸಿನ್ ಇರುವ ಬಿ-ಕಾಂಪ್ಲೆಕ್ಸ್ ದ್ರವವನ್ನು ಕುಡಿಯುವ ನೀರಿಗೆ ಬೆರೆಸಬೇಕು.

ನಯಾಸಿನ್ ಹೇರಳವಾಗಿರುವ, ಈ ಕಡೆ ಸುಲಭವಾಗಿ ಸಿಗುವ ಇನ್ನೊಂದು ವಸ್ತು ಶೇಂಗಾ ಹಿಂಡಿ. ಅಪಾಯ ಇರುವುದೂ ಅದರಲ್ಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಬಾತಿನ ಮರಿಗಳೂ ಸತ್ತವು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಬೂಷ್ಟು ಹಿಡಿದ ಶೇಂಗಾ ಹಿಂಡಿ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಅದರಲ್ಲಿ ವಿಷ ಕೂಡಿಸಿತ್ತು. ಅಫ್ಲಟಾಕ್ಸಿನ್ ಎಂಬ ಆ ವಿಷಕ್ಕೆ ಬಾತಿನ ಮರಿಯ ಯಕೃತ್ತು ಎಷ್ಟು ಬೇಗ ತುತ್ತಾಗುತ್ತದೆಂದರೆ, ಒಂದು ಆಹಾರದಲ್ಲಿ ಈ ವಿಷ ಇದೆಯೋ ಇಲ್ಲವೋ ತಿಳಿಯಲು ಪ್ರಯೋಗಾಲಯಗಳು ಒಂದು ದಿನದ ಬಾತಿನ ಮರಿಗೆ ಅದನ್ನು ತಿನ್ನಿಸಿ ನೋಡುತ್ತಿದ್ದವು. ಕೋಳಿ ತಡೆದುಕೊಳ್ಳುವ ಮೇವು ಬಾತನ್ನು ಕೊಲ್ಲಬಲ್ಲದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಪುರಾವೆ ಬೇಕಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಸಿ ಗೋಡೆಗೆ ಒರಗಿಸಿಟ್ಟ ಮೆಕ್ಕೆಜೋಳದ ಚೀಲ, ತಳದಲ್ಲಿ ತೇವ ಹಿಡಿದ ಹಿಂಡಿ ಈ ಸೀಮೆಯ ಮನೆಗಳಲ್ಲಿ ಅಪರೂಪವಲ್ಲ. ಬೂಷ್ಟು ಹಿಡಿದ ಕಾಳನ್ನು ಮನುಷ್ಯರು ತಿನ್ನದೆ ಕೋಳಿಗೆ ಹಾಕುವುದು ವಾಡಿಕೆ. ಬಾತಿಗೆ ಹಾಗೆ ಹಾಕಲೇಬಾರದು. ತೊಳೆದರೂ ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಜಹೀರಾಬಾದ್ ಪಕ್ಕದ ಪಸ್ತಾಪುರದಲ್ಲಿ ಮೈಸೂರಿನವರಾದ ಪಿ. ವಿ. ಸತೀಶ್ ಮತ್ತು ಗೆಳೆಯರು 1983ರಲ್ಲಿ ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ದೇಶಕ್ಕೆಲ್ಲ ಹೆಸರುವಾಸಿ. ಆ ಸಂಘಗಳ ಹೆಂಗಸರು ಬಿತ್ತನೆ ಕಾಳನ್ನು ಚೆನ್ನಾಗಿ ಒಣಗಿಸಿ, ಬೂದಿ, ಬೇವಿನೆಲೆ ಬೆರೆಸಿ ಜೋಪಾನ ಮಾಡುತ್ತಾರೆ. ಬಿತ್ತನೆಗೆ ತೋರಿಸುವ ಆ ಎಚ್ಚರದ ಅರ್ಧದಷ್ಟನ್ನು ಹಕ್ಕಿಯ ಮೇವಿಗೆ ತೋರಿಸಿದರೆ ಸಾಕು. ಸ್ವಲ್ಪ ಸ್ವಲ್ಪ ಕೊಂಡು, ಮುಚ್ಚಳದ ಡಬ್ಬದಲ್ಲಿ, ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಬೇಕು.

ಇಷ್ಟು ನೋಡಿಕೊಂಡರೆ ಮುಂದಿನದನ್ನು ಹೆಣ್ಣು ಬಾತೇ ನೋಡಿಕೊಳ್ಳುತ್ತದೆ. ಖಾಕಿ ಕ್ಯಾಂಪ್‌ಬೆಲ್ ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಇಟ್ಟರೂ ಕಾವಿಗೆ ಕೂರುವ ಗುಣವನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. ಅದರ ಮರಿ ಬೇಕೆಂದರೆ ಯಂತ್ರವೋ ಕೋಳಿಯೋ ಬೇಕು. ಮಸ್ಕೋವಿಯ ಮೊಟ್ಟೆ ಅಷ್ಟಿಲ್ಲ, ನೂರರ ಒಳಗೇ. ಆದರೆ ಅದು ಬೇರೆ ಯಾರನ್ನೂ ಕಾಯದೆ, ಮರೆಯಾದ ಮೂಲೆಯಲ್ಲಿ ಹತ್ತು ಹದಿನೈದು ಮೊಟ್ಟೆ ಕೂಡಿಸಿ, ಎದೆಯ ಗರಿ ಕಿತ್ತು ಹಾಸಿ, ಕೂತುಬಿಡುತ್ತದೆ. ಕೋಳಿಮೊಟ್ಟೆಗೆ 21 ದಿನ, ಬೇರೆ ಬಾತಿಗೆ 28, ಇದಕ್ಕೆ 35 ದಿನ. ತಿಂಗಳಾದರೂ ಮರಿಯಾಗಲಿಲ್ಲ ಎಂದು ಮೊಟ್ಟೆ ಎತ್ತಿ ಎಸೆದವರು ಕೊನೆಯ ವಾರ ಕಾದಿದ್ದರೆ ಸಾಕಿತ್ತು. ಮರಿಗಳು ಹೊರಬಂದ ಮೇಲೆ ತಾಯಿಯೊಂದಿಗೆ ಬಿಡಬೇಕು. ತಾಯಿಯಿಲ್ಲದ ಮರಿಯ ಪುಕ್ಕಕ್ಕೆ ನೀರು ತಡೆಯುವ ಎಣ್ಣೆ ಇರುವುದಿಲ್ಲ. ಆಳದ ಬಾನಿಗೆ ಬಿದ್ದರೆ ಅದು ನೆನೆದು, ನಡುಗಿ ಸಾಯುತ್ತದೆ.

ಮಲ್ಲಾರ್ಡ್ ವಂಶದ ಬಾತು ಜೊತೆಗಿದ್ದರೆ ಮಿಶ್ರ ಮರಿಗಳು ಹುಟ್ಟಬಹುದು. ಅವು ಬೇಗ ಬೆಳೆಯುತ್ತವೆ, ಆದರೆ ಹೇಸರಗತ್ತೆಯ ಹಾಗೆ ಬಂಜೆ. ತೈವಾನಿನಲ್ಲಿ ಮಾಂಸಕ್ಕೆಂದು ಬೇಕಂತಲೇ ಇಂಥವನ್ನು ಹುಟ್ಟಿಸುತ್ತಾರೆ. ಮನೆಯ ಹಿಂಡು ಉಳಿಯಬೇಕೆನ್ನುವವರು ಎರಡನ್ನೂ ಬೆರೆಸದಿರುವುದೇ ಸರಿ.

ದೇವಣಿ ಆಕಳು ಕಟ್ಟುವ ಮನೆಗಳಿಗೆ ಇದರಿಂದ ಇನ್ನೊಂದು ಲಾಭವಿದೆ. ಮಸ್ಕೋವಿ ನೊಣ ಹಿಡಿಯುವುದರಲ್ಲಿ ಬಲು ಚುರುಕು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಕೀಟವಿಜ್ಞಾನಿಗಳು ಕರುಗಳ ಕೊಟ್ಟಿಗೆಗಳಲ್ಲಿ ಇವನ್ನು ಬಿಟ್ಟು ನೋಡಿ, ನೊಣಗಳ ಸಂಖ್ಯೆ ಬಹಳ ಇಳಿದದ್ದನ್ನು 1990ರಲ್ಲಿ ವರದಿ ಮಾಡಿದರು. ಕರುವಿನ ಕಾಲ ಮೇಲೆ ಕೂತ ನೊಣವನ್ನೂ ಇದು ಕರುವಿಗೆ ತಾಕದಂತೆ ಕೊಕ್ಕಿನಿಂದ ಹಿಡಿಯಬಲ್ಲದು. ಹಿಂಡಿ, ನೀರು, ಸಗಣಿ ಒಂದೇ ಕಡೆ ಇರುವ ನಮ್ಮ ಕೊಟ್ಟಿಗೆಗಳಿಗೆ ಇದಕ್ಕಿಂತ ಅಗ್ಗದ ಉಪಾಯ ಸಿಗಲಾರದು.

ರೋಗಗಳಲ್ಲಿ ಹೆಚ್ಚು ಹೆದರಬೇಕಾದದ್ದು ಬಾತಿನ ಪ್ಲೇಗ್. ಅದಕ್ಕೆ ಲಸಿಕೆ ಇದೆ, ಎರಡು ತಿಂಗಳು ದಾಟಿದ ಮರಿಗೆ ಹಾಕಿಸಬೇಕು. ಹತ್ತಿರದ ಪಶು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಡಬೇಕು. ಮೊಟ್ಟೆಯನ್ನು ಹಳದಿ ಗಟ್ಟಿಯಾಗುವವರೆಗೆ ಬೇಯಿಸಿಯೇ ತಿನ್ನಬೇಕು, ಬಾತಿನ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರುವ ಸಂಭವವಿದೆ. ಹಕ್ಕಿಜ್ವರ ಬಂದರಂತೂ ಅದು ಒಂದು ಮನೆಯ ಸಂಗತಿಯಾಗಿ ಉಳಿಯುವುದಿಲ್ಲ. 2014ರಲ್ಲಿ ಕೇರಳದ ಆಲಪ್ಪುಳ, ಕೋಟ್ಟಯಂ ಕಡೆ ಅದು ಬಾತುಗಳಿಗೆ ತಗುಲಿ, ಸುತ್ತಲಿನ ಹಿಂಡುಗಳನ್ನೆಲ್ಲ ಕೊಲ್ಲಬೇಕಾಯಿತು. ಚಳಿಗಾಲದಲ್ಲಿ ಮಂಜೀರಾ ವನ್ಯಧಾಮದ ನೀರಿಗೆ ಪಟ್ಟೆತಲೆ ಹೆಬ್ಬಾತುಗಳಂಥ ವಲಸೆ ಹಕ್ಕಿಗಳು ದೂರದಿಂದ ಬಂದಿಳಿಯುತ್ತವೆ. ಸಾಕಿದ ಬಾತು ಅವುಗಳೊಂದಿಗೆ ಬೆರೆಯುವುದು ಎರಡೂ ಕಡೆಗೆ ಕೇಡು. ಹೆಚ್ಚಾದ ಗಂಡುಗಳನ್ನು ಪುಣ್ಯ ಬರುತ್ತದೆಂದು ಸಿಂಗೂರಿನ ಹಿನ್ನೀರಿಗೋ ಊರ ಕೆರೆಗೋ ಬಿಟ್ಟುಬರಬೇಡಿ. ಸಾಕುವವರಿಗೆ ಕೊಡಿ, ಇಲ್ಲವೇ ಮಾರಿ. ಹಿತ್ತಿಲಲ್ಲಿ ಒಂದೇ ದಿನ ಎರಡು ಮೂರು ಹಕ್ಕಿ ಸತ್ತರೆ ಅವನ್ನು ಬರಿಗೈಯಲ್ಲಿ ಮುಟ್ಟದೆ, ಚರಂಡಿಗೆ ಎಸೆಯದೆ, ಆ ದಿನವೇ ಪಶುವೈದ್ಯರಿಗೆ ತಿಳಿಸಿ.