ಒಂಟಿ ಮಾಡಿದವರ ಎದುರು ಹನ್ನೊಂದು ಮಂದಿ

ಕಾಬೂಲಿನ ಘಾಜಿ ಕ್ರೀಡಾಂಗಣದ ಹೆಸರು ಕೇಳಿದರೆ ಆ ಊರಿನ ಹಿರಿಯರಿಗೆ ಇಂದಿಗೂ ಆಟ ನೆನಪಾಗುವುದಿಲ್ಲ. ತಾಲಿಬಾನ್ ಮೊದಲ ಸಲ ಆಳಿದ ಕಾಲದಲ್ಲಿ ಅಲ್ಲಿ ಜನರನ್ನು ಸೇರಿಸಿ, ಎಲ್ಲರ ಕಣ್ಣೆದುರಿಗೇ ಮರಣದಂಡನೆ ಕೊಡುತ್ತಿದ್ದರು. 1999ರಲ್ಲಿ ಮಕ್ಕಳ ತಾಯಿಯೊಬ್ಬಳನ್ನು ಗುಂಡಿಟ್ಟು ಕೊಂದದ್ದು ಅದೇ ಮೈದಾನದಲ್ಲಿ. ಇದಾಗಿ ಎಂಟು ವರ್ಷಕ್ಕೆ, 2007ರಲ್ಲಿ, ಅದೇ ಊರಿನ ಹುಡುಗಿಯರು ದೇಶದ ಮೊದಲ ರಾಷ್ಟ್ರೀಯ ಮಹಿಳಾ ಫುಟ್‌ಬಾಲ್ ತಂಡ ಕಟ್ಟಿದರು.

ಊರೊಳಗೆ ಆಡಿದರೆ ಕಲ್ಲು ಬೀಳುವ ಭಯ. ಹಾಗಾಗಿ ಅಭ್ಯಾಸಕ್ಕೆ ಸಿಕ್ಕಿದ್ದು ನ್ಯಾಟೊ ಪಡೆಗಳ ನೆಲೆಯೊಳಗಿನ ಒಂದು ಬಯಲು. ಅದು ಹೆಲಿಕಾಪ್ಟರ್ ಇಳಿಯುವ ಜಾಗವೂ ಆಗಿತ್ತು. ಸದ್ದು ಕೇಳಿದ ಕೂಡಲೇ ಹುಡುಗಿಯರು ಚೆಂಡು ಎತ್ತಿಕೊಂಡು ಅಂಚಿಗೆ ಓಡಬೇಕು. ಅದು ಬಂದ ಕೆಲಸ ಮುಗಿಸಿ ಮೇಲೇರಿದ ಮೇಲೆ ಮತ್ತೆ ಬಂದು ಆಟ ಮುಂದುವರಿಸಬೇಕು.

ಈ ತಂಡವನ್ನು ಕಟ್ಟಿದವರಲ್ಲಿ ಮುಂಚೂಣಿಯಲ್ಲಿದ್ದವರು ಖಾಲಿದಾ ಪೋಪಲ್. ಅವರ ತಾಯಿ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿ. ಶಾಲೆಯ ಎತ್ತರದ ಗೋಡೆಯ ಮರೆಯಲ್ಲಿ, ಹೊರಗಿನ ಗಂಡಸರಿಗೆ ಕೇಳಿಸದ ಹಾಗೆ ಸದ್ದಿಲ್ಲದೆ ಆಡುತ್ತಿದ್ದ ಹುಡುಗಿಯರಿಗೆ ಆ ತಾಯಿಯದೇ ಬೆಂಬಲ. ಗೋಲು ಹೊಡೆದರೂ ಕೂಗುವಂತಿರಲಿಲ್ಲ. ಮುಂದೆ ಪೋಪಲ್ ನಾಯಕಿಯಾದರು, ಅಫ್ಗನ್ ಫುಟ್‌ಬಾಲ್ ಒಕ್ಕೂಟದಲ್ಲೇ ಕೆಲಸಕ್ಕೆ ಸೇರಿದರು, ಟಿವಿಯಲ್ಲಿ ಬಹಿರಂಗವಾಗಿ ಮಾತಾಡಿದರು. ಬೆದರಿಕೆಗಳು ಹೆಚ್ಚಿದಾಗ 2011ರಲ್ಲಿ ದೇಶ ಬಿಟ್ಟರು. ಮೊದಲು ಬಂದದ್ದು ಭಾರತಕ್ಕೆ. ಅಲ್ಲಿಂದ ನಾರ್ವೆ, ಕೊನೆಗೆ ಡೆನ್ಮಾರ್ಕಿನ ಒಂದು ನಿರಾಶ್ರಿತರ ಕೇಂದ್ರ.

ಈ ಲೇಖನದಲ್ಲಿ ನಾನು ಪರಿಚಯಿಸಲು ಹೊರಟ ಕೆಲಸದ ಬೇರು ಇರುವುದು ಆ ಕೇಂದ್ರದಲ್ಲಿ. ಮೊಣಕಾಲಿನ ಗಾಯದಿಂದ ಪೋಪಲ್ ಅವರ ಆಟದ ಬದುಕು ಮುಗಿದಿತ್ತು, ಖಿನ್ನತೆ ಹಿಡಿದಿತ್ತು. ಸುತ್ತಲೂ ಯುದ್ಧ ಮತ್ತು ಹಿಂಸೆಯಿಂದ ತಪ್ಪಿಸಿಕೊಂಡು ಬಂದು, ಕೋಣೆ ಬಿಟ್ಟು ಹೊರಗೆ ಬಾರದ ಹೆಂಗಸರು. ಅವರನ್ನು ಕೋಣೆಯಿಂದ ಅಂಗಳಕ್ಕೆ ಕರೆತರಲು ಪೋಪಲ್ ಹಿಡಿದದ್ದು ಚೆಂಡನ್ನೇ. ಅದೇ ಮುಂದೆ ‘ಗರ್ಲ್ ಪವರ್’ ಎಂಬ ಸಂಸ್ಥೆಯಾಯಿತು. ನಿರಾಶ್ರಿತ ಮಹಿಳೆಯರನ್ನು ಆಟದ ಮೂಲಕ ಒಂದುಗೂಡಿಸುವುದು, ಅವರಲ್ಲೇ ಕೆಲವರನ್ನು ತರಬೇತುದಾರರನ್ನಾಗಿ ಬೆಳೆಸುವುದು ಅದರ ಕೆಲಸ.

ಚೆಂಡಿನಾಟದಿಂದ ಇಷ್ಟೆಲ್ಲ ಆಗುತ್ತದೆಯೇ ಎಂದು ಅನುಮಾನಿಸುವವರು ಹಿಂಸೆ ನಡೆಯುವ ಬಗೆಯನ್ನು ಒಮ್ಮೆ ನೋಡಬೇಕು. ಹಿಂಸಿಸುವವನು ಮೊದಲು ಮಾಡುವ ಕೆಲಸ ಹೆಣ್ಣನ್ನು ಒಂಟಿ ಮಾಡುವುದು. ತವರಿನವರ ಜೊತೆ ಮಾತು ಬಿಡಿಸುತ್ತಾನೆ, ಗೆಳತಿಯರನ್ನು ದೂರ ಮಾಡುತ್ತಾನೆ, ಹೇಳಿದರೂ ನಿನ್ನನ್ನು ಯಾರು ನಂಬುತ್ತಾರೆ ಎನ್ನುತ್ತಾನೆ. ಕೊನೆಗೆ ಅವಳಿಗೆ ತನ್ನ ಮೈಯೇ ಪರರದ್ದು ಅನ್ನಿಸತೊಡಗುತ್ತದೆ, ದನಿ ಹೂತುಹೋಗುತ್ತದೆ. ತಂಡದ ಆಟ ಇದನ್ನು ಒಂದೊಂದಾಗಿ ಬಿಡಿಸುತ್ತ ಹೋಗುತ್ತದೆ. ಚೆಂಡು ಬೇಕಿದ್ದರೆ ಬಾಯಿಬಿಟ್ಟು ಕೂಗಲೇಬೇಕು. ಬಿದ್ದರೆ ಎಬ್ಬಿಸಲು ಒಂದು ಕೈ ಬರುತ್ತದೆ. ಅಭ್ಯಾಸಕ್ಕೆ ಬಾರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವವರಿರುತ್ತಾರೆ. ಮನೆಯಲ್ಲಿ ಏನೋ ಸರಿಯಿಲ್ಲ ಎಂಬುದು ಎಷ್ಟೋ ಸಲ ಹೊರಬೀಳುವುದು ಈ ಒಂದು ಪ್ರಶ್ನೆಯಿಂದಲೇ. ಓಟದ ಪಂದ್ಯವನ್ನೋ ಈಜನ್ನೋ ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಅವುಗಳಲ್ಲಿ ಈ ಕೇಳುವ ದನಿ ತಾನಾಗಿ ಹುಟ್ಟುವುದಿಲ್ಲ.

ಹಾಗೆಂದು ಮೈದಾನಕ್ಕಿಳಿದ ಮಾತ್ರಕ್ಕೆ ಹೆಣ್ಣು ಸುರಕ್ಷಿತಳು ಎಂದುಕೊಂಡರೆ ಅದು ದೊಡ್ಡ ತಪ್ಪು. ಇದಕ್ಕೆ ಇದೇ ಅಫ್ಗನ್ ತಂಡಕ್ಕಿಂತ ಕ್ರೂರ ಸಾಕ್ಷಿ ಬೇಕಿಲ್ಲ. 2018ರಲ್ಲಿ ಜೋರ್ಡಾನ್‌ನಲ್ಲಿ ತಂಡದ ತರಬೇತಿ ಶಿಬಿರ ನಡೆಯಿತು. ಹೊರದೇಶಗಳಲ್ಲಿ ನೆಲೆಸಿದ್ದ ಆಟಗಾರ್ತಿಯರು, ಕಾಬೂಲಿನಿಂದ ಬಂದವರು ಒಂದೆಡೆ ಸೇರಿದ್ದರು. ಒಕ್ಕೂಟ ಕಳಿಸಿದ್ದ ಗಂಡಸರು ಕಾಬೂಲಿನ ಹುಡುಗಿಯರನ್ನು ಪೀಡಿಸುತ್ತಿರುವುದು ಪೋಪಲ್ ಅವರ ಗಮನಕ್ಕೆ ಬಂತು. ಎಳೆ ಹಿಡಿದು ಹೋದಾಗ ಅದು ಒಕ್ಕೂಟದ ಅಧ್ಯಕ್ಷನ ಬಾಗಿಲಿಗೇ ಮುಟ್ಟಿತು. ಆ ಅಧ್ಯಕ್ಷ ಕೆರಾಮುದ್ದೀನ್ ಕರೀಂ ಹಿಂದೆ ಪಂಜ್‌ಶೀರ್ ಪ್ರಾಂತ್ಯದ ಗವರ್ನರ್ ಆಗಿದ್ದವನು, ಅಧಿಕಾರಸ್ಥ. ಅವನ ಕಚೇರಿಯೊಳಗೊಂದು ಮಲಗುವ ಕೋಣೆ ಇತ್ತು, ಅದರ ಬಾಗಿಲು ಅವನ ಬೆರಳಚ್ಚಿಗೆ ಮಾತ್ರ ತೆರೆಯುತ್ತಿತ್ತು ಎಂದು ಆಟಗಾರ್ತಿಯರು ಹೇಳಿದರು. ಒಪ್ಪದವರನ್ನು ಸಲಿಂಗಿಗಳೆಂದು ಹಣೆಪಟ್ಟಿ ಹಚ್ಚಿ ತಂಡದಿಂದ ಹೊರದಬ್ಬಲಾಗುತ್ತಿತ್ತು. ಅಫ್ಗಾನಿಸ್ತಾನದಲ್ಲಿ ಆ ಹಣೆಪಟ್ಟಿ ಜೀವಕ್ಕೇ ಎರವಾಗಬಲ್ಲದು.

ಒಬ್ಬೊಬ್ಬಳೇ ಹೋಗಿ ದೂರಿದ್ದರೆ ಅವಳ ಮಾತು ಆ ಕಚೇರಿಯ ಹೊಸ್ತಿಲು ದಾಟುತ್ತಿರಲಿಲ್ಲ. ಅವರು ಒಟ್ಟಾಗಿ ಹೋದರು. ಡೆನ್ಮಾರ್ಕಿನಲ್ಲಿ ಬೆಳೆದ ನಾಯಕಿ ಶಬ್ನಮ್ ಮೊಬಾರೆಜ್ ಅವರಂಥ, ಹೊರಗಿದ್ದು ಮಾತಾಡಬಲ್ಲವರು ಮುಖ ತೋರಿಸಿ ಮಾತಾಡಿದರು. ಒಳಗಿದ್ದವರ ಹೆಸರು ಮುಚ್ಚಿಟ್ಟು ಅವರ ಸಾಕ್ಷ್ಯವನ್ನು ಜಾಗತಿಕ ಫುಟ್‌ಬಾಲ್ ಒಕ್ಕೂಟವಾದ ಫಿಫಾ ಮುಂದಿಟ್ಟರು. ಆ ವರ್ಷ ನವೆಂಬರ್‌ನಲ್ಲಿ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆ ಸುದ್ದಿ ಬಯಲು ಮಾಡಿತು. 2019ರ ಜೂನ್‌ನಲ್ಲಿ ಫಿಫಾ ಕರೀಂನನ್ನು ಫುಟ್‌ಬಾಲ್‌ನಿಂದ ಆಜೀವ ನಿಷೇಧಿಸಿ, 10 ಲಕ್ಷ ಸ್ವಿಸ್ ಫ್ರಾಂಕ್ ದಂಡ ಹಾಕಿತು. ಮರುವರ್ಷ ಕ್ರೀಡಾ ನ್ಯಾಯಮಂಡಳಿ ಆ ನಿಷೇಧವನ್ನು ಎತ್ತಿಹಿಡಿಯಿತು. ಬಂಧಿಸಲು ಹೋದ ಅಫ್ಗನ್ ವಿಶೇಷ ಪಡೆ ಮಾತ್ರ ಪಂಜ್‌ಶೀರ್‌ನಿಂದ ಬರಿಗೈಯಲ್ಲಿ ಮರಳಿತು.

ನಮ್ಮಲ್ಲಿ ಹೀಗಾಗದು ಎನ್ನುವಂತಿಲ್ಲ. 2023ರಲ್ಲಿ ಮಹಿಳಾ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಲೈಂಗಿಕ ಕಿರುಕುಳದ ವಿರುದ್ಧ ಧರಣಿ ಕುಳಿತಿದ್ದಾಗ, ಕಾನೂನು ಕಡ್ಡಾಯ ಮಾಡಿದ ಲೈಂಗಿಕ ಕಿರುಕುಳ ದೂರು ಸಮಿತಿಯನ್ನು ಸರಿಯಾಗಿ ರಚಿಸದ 15 ಕ್ರೀಡಾ ಒಕ್ಕೂಟಗಳಿಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೋಟಿಸ್ ಕೊಟ್ಟಿತ್ತು. ಮಗಳನ್ನು ಥ್ರೋಬಾಲ್‌ಗೋ ಕಬಡ್ಡಿಗೋ ಕಳಿಸುವ ತಂದೆ-ತಾಯಿ ಶುಲ್ಕ, ಬೂಟಿನ ಬೆಲೆ ವಿಚಾರಿಸುವಾಗ ಈ ಸಮಿತಿ ಇದೆಯೇ, ಅದರಲ್ಲಿ ಯಾರಿದ್ದಾರೆ ಎಂದೂ ಕೇಳಬೇಕು. ಕೇಳುವುದು ಅವರ ಹಕ್ಕು. ನೊಂದ ಹೆಣ್ಣುಮಕ್ಕಳಿಗೆ ಆಟ ಕಲಿಸುವವರ ಹೊಣೆ ಇನ್ನೂ ಹೆಚ್ಚಿನದು. ಹೇಳದೆ ಕೇಳದೆ ಮೈ ಮುಟ್ಟಿ ತಿದ್ದಬಾರದು. ಬೇಡವೆನಿಸಿದ ಕ್ಷಣ ಆಟ ಬಿಟ್ಟು ಕೂರಲು, ಕಾರಣ ಹೇಳದಿರಲು ಅವರಿಗೆ ಸ್ವಾತಂತ್ರ್ಯವಿರಬೇಕು.

2021ರ ಆಗಸ್ಟ್ 15ರಂದು ಕಾಬೂಲ್ ಮತ್ತೆ ತಾಲಿಬಾನ್ ವಶವಾಯಿತು. ವರ್ಷಗಟ್ಟಲೆ ಹುಡುಗಿಯರಿಗೆ ಧೈರ್ಯವಾಗಿ ಮುಖ ತೋರಿಸಿ, ಹೆಸರು ಹೇಳಿ ಎಂದಿದ್ದ ಪೋಪಲ್, ಈಗ ಫೋಟೊ ಅಳಿಸಿ, ಜೆರ್ಸಿ ಸುಟ್ಟುಬಿಡಿ, ಜೀವ ಉಳಿಸಿಕೊಳ್ಳಿ ಎಂದು ಕರೆಕೊಡಬೇಕಾಯಿತು. ಮನೂಜ್ ನೂರಿ ಎಂಬ ಆಟಗಾರ್ತಿ ತನ್ನ ಪದಕ, ಟ್ರೋಫಿಗಳನ್ನು ಮನೆಯ ಹಿತ್ತಲಿನಲ್ಲಿ ಹೂತಿಟ್ಟು ಹೊರಟಳು. ದಿನಗಟ್ಟಲೆ ವಿಮಾನ ನಿಲ್ದಾಣದ ನೂಕುನುಗ್ಗಲಿನಲ್ಲಿದ್ದ ಹುಡುಗಿಯರಿಗೆ ಡೆನ್ಮಾರ್ಕಿನಿಂದ ಪೋಪಲ್, ಬೇರೆ ಬೇರೆ ದೇಶಗಳಿಂದ ಹಳೆಯ ತರಬೇತುದಾರರು, ವಕೀಲರು ಫೋನಿನಲ್ಲೇ ದಾರಿ ಹೇಳಿದರು. ಆಟಗಾರ್ತಿಯರು, ಅವರ ಕುಟುಂಬದವರು ಸೇರಿ ಎಪ್ಪತ್ತೈದಕ್ಕೂ ಹೆಚ್ಚು ಮಂದಿ ಆಗಸ್ಟ್ 24ರ ಹೊತ್ತಿಗೆ ಆಸ್ಟ್ರೇಲಿಯಾದತ್ತ ಹೊರಟರು. ಕಿರಿಯರ ತಂಡವೊಂದು ಸೆಪ್ಟೆಂಬರ್‌ನಲ್ಲಿ ಪೋರ್ಚುಗಲ್ ಸೇರಿತು. ಇನ್ನೊಂದು ಗುಂಪು ಪಾಕಿಸ್ತಾನದ ಮಾರ್ಗವಾಗಿ ನವೆಂಬರ್‌ನಲ್ಲಿ ಬ್ರಿಟನ್ ತಲುಪಿತು.

ಆಸ್ಟ್ರೇಲಿಯಾದಲ್ಲಿ ಮೆಲ್ಬರ್ನ್ ವಿಕ್ಟರಿ ಕ್ಲಬ್ ಅವರನ್ನು ತನ್ನ ಮಡಿಲಿಗೆ ಹಾಕಿಕೊಂಡಿತು. 2022ರ ಏಪ್ರಿಲ್‌ನಿಂದ ಅವರು ಅಲ್ಲಿನ ರಾಜ್ಯ ಲೀಗಿನಲ್ಲಿ ಆಡತೊಡಗಿದರು. ಆದರೆ ರಾಷ್ಟ್ರೀಯ ತಂಡವಾಗಿ ಆಡಲು ಫಿಫಾ ನಿಯಮ ಅಡ್ಡ ಬಂತು: ದೇಶದ ಒಕ್ಕೂಟ ಒಪ್ಪಿದ ತಂಡವನ್ನಷ್ಟೇ ಅದು ಮಾನ್ಯ ಮಾಡುತ್ತಿತ್ತು, ಕಾಬೂಲಿನ ಒಕ್ಕೂಟವಿದ್ದದ್ದು ತಾಲಿಬಾನ್ ನೆರಳಿನಲ್ಲಿ. ಹೆಣ್ಣು ಮೈದಾನಕ್ಕೆ ಕಾಲಿಡಬಾರದು ಎನ್ನುವವರ ಒಪ್ಪಿಗೆ ತಂದರೆ ಮಾತ್ರ ನೀವು ಆಡಬಹುದು ಎಂದಂತಾಯಿತು ಇದು. ಹೀಗೆ ಹೇಳುತ್ತ ವರ್ಷಗಳನ್ನು ದೂಡಿದ್ದು ಅನ್ಯಾಯ ಎಂದು ನಾನು ಖಂಡಿತವಾಗಿ ನಂಬುತ್ತೇನೆ. ಆಟಗಾರ್ತಿಯ ವಯಸ್ಸು ಯಾವ ಸಮಿತಿಯ ಸಭೆಗೂ ಕಾಯುವುದಿಲ್ಲ.

2025ರಲ್ಲಿ ಫಿಫಾ ಕೊನೆಗೂ ಒಂದು ನಿರಾಶ್ರಿತ ತಂಡಕ್ಕೆ ಒಪ್ಪಿತು. ಸ್ಕಾಟ್ಲೆಂಡಿನ ಪಾಲೀನ್ ಹ್ಯಾಮಿಲ್ ತರಬೇತುದಾರರು. ತಂಡದ ಹೆಸರು ‘ಅಫ್ಗನ್ ವಿಮೆನ್ ಯುನೈಟೆಡ್’. ದುಬೈನಲ್ಲಿ ನಡೆಯಬೇಕಿದ್ದ ಅದರ ಮೊದಲ ಪಂದ್ಯಗಳು ವೀಸಾ ಸಿಗದೆ ಮೊರಾಕ್ಕೊಗೆ ವರ್ಗವಾದವು. ಅಕ್ಟೋಬರ್ 26ರಂದು ಚಾಡ್ ವಿರುದ್ಧದ ಮೊದಲ ಪಂದ್ಯದಲ್ಲಿ 1–6ರ ಸೋಲು. ಆ ಒಂದು ಗೋಲನ್ನು ಪೆನಾಲ್ಟಿಯಲ್ಲಿ ಹೊಡೆದದ್ದು ಹಿತ್ತಲಲ್ಲಿ ಪದಕ ಹೂತು ಬಂದಿದ್ದ ಮನೂಜ್ ನೂರಿ. ಟ್ಯುನೀಷಿಯಾ ಎದುರು 0–4. ನವೆಂಬರ್ 1ರಂದು ಲಿಬಿಯಾ ಎದುರು 7–0, ಗೆಲುವು. ಮುಂದಿನ ದಿನಗಳಲ್ಲಿ ಆಟಗಾರ್ತಿಯರು ಆಸ್ಟ್ರೇಲಿಯಾ, ಬ್ರಿಟನ್, ಪೋರ್ಚುಗಲ್‌ಗಳ ತಮ್ಮ ತಮ್ಮ ಕ್ಲಬ್‌ಗಳಿಗೆ, ಓದಿಗೆ, ಕೆಲಸಕ್ಕೆ ಹಿಂದಿರುಗಿದರು.