ಅರಸನ ಅರಮನೆ, ಬಾಣಂತಿಯ ಪಡಿ

ಇರಾನಿನ ಶಿರಾಜ್ ನಗರದಿಂದ ಈಶಾನ್ಯಕ್ಕೆ ಸುಮಾರು 60 ಕಿಲೋಮೀಟರು ಸಾಗಿದರೆ ರಹಮತ್ ಬೆಟ್ಟದ ಬುಡದಲ್ಲಿ ವಿಶಾಲವಾದ ಕಲ್ಲಿನ ಜಗಲಿಯೊಂದು ಎದುರಾಗುತ್ತದೆ. ಗ್ರೀಕರು ಪರ್ಸೆಪೊಲಿಸ್ ಎಂದು ಕರೆದ, ಇರಾನಿಯರು ಇಂದಿಗೂ ತಖ್ತ್-ಎ-ಜಮ್‌ಶೀದ್ ಎನ್ನುವ ಪ್ರಾಚೀನ ಪಾರಸಿಕ ಅರಸರ ಅರಮನೆಗಳ ಅವಶೇಷಗಳು ಇರುವುದು ಇದೇ ಜಗಲಿಯ ಮೇಲೆ. ಒಂದು ಮುಂಜಾನೆ ಬಿಸಿಲೇರುವ ಮೊದಲೇ ನಾವು ಅಲ್ಲಿಗೆ ತಲುಪಿದೆವು.

ಮೇಲೇರಲು 111 ಮೆಟ್ಟಿಲುಗಳು. ಒಂದೊಂದೂ ಸುಮಾರು 10 ಸೆಂಟಿಮೀಟರು ಎತ್ತರವಷ್ಟೆ. ನಮ್ಮಲ್ಲಿ ಮಂಡಿನೋವಿನವರೂ ಆಯಾಸವಿಲ್ಲದೆ ಹತ್ತಿದರು. ಮೇಲೆ, ಸಕಲ ರಾಷ್ಟ್ರಗಳ ಮಹಾದ್ವಾರವನ್ನು ಕಟ್ಟಿಸಿದವನು ಕ್ಸೆರ್ಕ್ಸಸ್ ದೊರೆ. ಎಸ್ತೇರಳ ಗ್ರಂಥದಲ್ಲಿ ಬರುವ ಅಹಷ್ವೇರೋಷನು ಇವನೇ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಆ ಕಥೆ ನಡೆಯುವ ಶೂಷನ್ ಮಾತ್ರ ಇಲ್ಲಿಲ್ಲ. ಅದು ದೂರದ ನೈಋತ್ಯ ಇರಾನಿನಲ್ಲಿದೆ.

ಈ ದ್ವಾರದ ಕಲ್ಲಿನ ಮೇಲೆ ದಾರಿಹೋಕರು ಕೆತ್ತಿದ ಹೆಸರುಗಳು ಹಲವು. ಅವುಗಳಲ್ಲೊಂದು ಕ್ಯಾಪ್ಟನ್ ಜಾನ್ ಮಾಲ್ಕಮ್‌ನದು, ವರ್ಷ 1800. ಕನ್ನಡಿಗರಿಗೆ ಈತ ತೀರ ಅಪರಿಚಿತನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಮೈಸೂರಿನ ಆಡಳಿತವನ್ನು ಗೊತ್ತುಪಡಿಸಿದ ಆಯೋಗಕ್ಕೆ ಥಾಮಸ್ ಮನ್ರೋ ಜೊತೆಗೆ ಕಾರ್ಯದರ್ಶಿಯಾಗಿದ್ದವನು. ಹೋದಲ್ಲೆಲ್ಲ ಗೋಡೆಗೆ ಹೆಸರು ಗೀಚುವ ಚಾಳಿ ನಮ್ಮ ಕಾಲೇಜು ಹುಡುಗರದು ಮಾತ್ರವೆಂದು ನಾವು ಭಾವಿಸಿದ್ದೆವು!

ದರ್ಬಾರು ಮಂದಿರವಾದ ಅಪಾದಾನದಲ್ಲಿ ಒಂದು ಕಾಲಕ್ಕೆ 72 ಕಂಬಗಳಿದ್ದವು. ಈಗ ನಿಂತಿರುವವು 13. ಕ್ರಿ.ಪೂ. 330ರಲ್ಲಿ ಅಲೆಕ್ಸಾಂಡರನ ಕಾಲಕ್ಕೆ ಬಿದ್ದ ಬೆಂಕಿಯಲ್ಲಿ ದೇವದಾರು ತೊಲೆಗಳು ಉರಿದು ಮಾಡು ಕುಸಿಯಿತು. ಮೆಟ್ಟಿಲ ಬದಿಯ ಶಿಲ್ಪಸಾಲು ಮಾತ್ರ ಅಚ್ಚಳಿಯದೆ ಉಳಿದಿದೆ. ಕಾಣಿಕೆ ಹೊತ್ತು ಬಂದ 23 ನಾಡುಗಳವರಲ್ಲಿ ಸಿಂಧೂ ನಾಡಿನವರೂ ಇದ್ದಾರೆ. ಒಬ್ಬನ ಹೆಗಲಲ್ಲಿ ಅಡ್ಡೆ, ಅದರ ಬುಟ್ಟಿಗಳಲ್ಲಿ ಪುಟ್ಟ ಜಾಡಿಗಳು, ಹಿಂದೊಂದು ಕತ್ತೆ. ಜಾಡಿಗಳಲ್ಲಿರುವುದು ಚಿನ್ನದ ಪುಡಿ ಎಂಬುದು ತಿಳಿದವರ ಊಹೆ.

1933ರಲ್ಲಿ ಈ ಮಂದಿರದ ತಳಪಾಯದ ಮೂಲೆಯಲ್ಲಿ ಕಲ್ಲಿನ ಪೆಟ್ಟಿಗೆಗಳು ದೊರೆತವು. ಅವುಗಳೊಳಗಿನ ಚಿನ್ನ ಹಾಗೂ ಬೆಳ್ಳಿಯ ತಗಡುಗಳಲ್ಲಿ ದಾರಿಯಸ್ ದೊರೆ ತನ್ನ ರಾಜ್ಯದ ಎಲ್ಲೆಗಳನ್ನು ಬರೆಯಿಸಿದ್ದನು. ಅದೇ ವರ್ಷ, ಅದೇ ಜಗಲಿಯ ಈಶಾನ್ಯ ಮೂಲೆಯ ಕೋಟೆಗೋಡೆಯಲ್ಲಿ ಸಾವಿರಾರು ಜೇಡಿಮಣ್ಣಿನ ಫಲಕಗಳೂ ಸಿಕ್ಕಿದವು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು. ಅಂಥ ಕೆಲವನ್ನು ನಾವು ಮೊದಲೇ ತೆಹರಾನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕಂಡಿದ್ದೆವು. ಎಲಾಮ್ ಭಾಷೆಯ ಈ ಬರಹಗಳು ದಾರಿಯಸನ ಉಗ್ರಾಣದ ಲೆಕ್ಕಪತ್ರಗಳು: ಯಾವ ಗುಂಪಿನ ಕೆಲಸಗಾರರಿಗೆ ಎಷ್ಟು ಜವೆಗೋಧಿ, ಯಾವ ಪ್ರಯಾಣಿಕನಿಗೆ ಎಷ್ಟು ಹಿಟ್ಟು, ಎಷ್ಟು ದ್ರಾಕ್ಷಾರಸ ಎಂಬ ವಿವರಗಳು. ಇವುಗಳಲ್ಲಿ 2,087ನ್ನು ರಿಚರ್ಡ್ ಹ್ಯಾಲಕ್ ಎಂಬ ವಿದ್ವಾಂಸರು ಓದಿ 1969ರಲ್ಲಿ ಪ್ರಕಟಿಸಿದರು.

ಬಾಣಂತಿಯರಿಗೆ ಕೊಟ್ಟ ವಿಶೇಷ ಪಡಿಯೂ ಅಲ್ಲಿ ದಾಖಲಾಗಿದೆ. ಎರಡೂವರೆ ಸಾವಿರ ವರ್ಷಗಳ ಹಿಂದಿನ ಅರಮನೆ ಹೆತ್ತ ಹೆಂಗಸಿನ ಹಸಿವನ್ನು ಮರೆತಿರಲಿಲ್ಲವೆಂದು ನಾವು ಸಂತೋಷಪಟ್ಟೆವು. ಆದರೆ ಗಂಡು ಹೆತ್ತವಳಿಗೆ ಹೆಣ್ಣು ಹೆತ್ತವಳ ಎರಡರಷ್ಟು! ಇದನ್ನು ಕೇಳಿ ನಮ್ಮ ಜೊತೆಗಿದ್ದ ಹಿರಿಯ ದಾದಿಯೊಬ್ಬರು, "ಹೆರಿಗೆಯ ನೋವೇನು ಅರ್ಧವಾಗಿತ್ತೇ?" ಎಂದರು. ಯಾರೂ ಉತ್ತರ ಕೊಡಲಿಲ್ಲ.

ಅಧ್ಯಯನಕ್ಕೆಂದು ಎರವಲಾಗಿ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಹೋದ ಈ ಫಲಕಗಳು ಅಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದವು. 1997ರಲ್ಲಿ ಜೆರುಸಲೇಮಿನಲ್ಲಿ ನಡೆದ ಬಾಂಬ್ ದಾಳಿಯಲ್ಲಿ ಗಾಯಗೊಂಡ ಅಮೆರಿಕನ್ನರು ಇರಾನ್ ಸರಕಾರದ ವಿರುದ್ಧ ಪರಿಹಾರದ ಆದೇಶ ಪಡೆದು, ಅದರ ವಸೂಲಿಗಾಗಿ ಫಲಕಗಳನ್ನು ಜಪ್ತಿ ಮಾಡಬೇಕೆಂದು ಕೋರಿದ್ದರು. ಅವರ ನೋವು ಸುಳ್ಳಲ್ಲ. ಆದರೂ ಕೂಲಿಯವರ ಪಡಿಲೆಕ್ಕವು ಹರಾಜಿಗೆ ಬರುವುದೆಂದರೆ ನಮಗೆ ಸಹಿಸಲಾಗದ ಮಾತು. ಜಪ್ತಿ ಸಲ್ಲದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿತು. ಮರುವರ್ಷ 1,783 ಫಲಕಗಳು ಇರಾನಿಗೆ ಮರಳಿದವು.

ಹೊರಡುವ ಮುನ್ನ ದಾದಿಯವರು ಆ ಈಶಾನ್ಯ ಮೂಲೆಯನ್ನು ನೋಡಲೇಬೇಕೆಂದರು. ಪ್ರವಾಸಿಗರೆಲ್ಲ ಕಂಬಗಳ ಬಳಿ ಛಾಯಾಚಿತ್ರ ತೆಗೆಸಿಕೊಳ್ಳುತ್ತಿದ್ದರು. ಇತ್ತ ನಮ್ಮ ಹೊರತು ಯಾರೂ ಇರಲಿಲ್ಲ. ಅವರು ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಸೆರಗನ್ನು ತಲೆಗೆಳೆದುಕೊಂಡು ಮೆಟ್ಟಿಲುಗಳತ್ತ ನಡೆದರು.