ಬಿಸಿಗೊಂದು ದಾರಿ ಬೇಕು

ಕಲಬುರಗಿಯಲ್ಲಿ ಮೇ ತಿಂಗಳ ಸಂಜೆ ನಾಲ್ಕು ಗಂಟೆಗೆ ಬಿಸಿಲು ಇಳಿಯುವುದಿಲ್ಲ. ಬೆಳಿಗ್ಗೆಯಿಂದ ಕುಡಿದ ಬಿಸಿಯನ್ನು ನೆಲ ಆಗ ಮರಳಿ ಕೊಡತೊಡಗುತ್ತದೆ. ಅಂಗಳಕ್ಕೆ ಹಾಸಿದ ಶಹಾಬಾದ್ ಕಲ್ಲಿನ ಮೇಲೆ ಬರಿಗಾಲು ಇಡಲಾಗದು. ಅಲ್ಲಿ ನಿಂತಿದೆ ನಿವೃತ್ತ ಮಾಸ್ತರರ ಬಿಳಿ ಕಾರು, ಇಪ್ಪತ್ತು ವರ್ಷ ದಾಟಿದ್ದು. ಎಂಜಿನ್ನು ಇನ್ನೂ ಗಟ್ಟಿ, ಮೈಯಲ್ಲಿ ತುಕ್ಕಿಲ್ಲ. ಆದರೆ ಎಸಿ ಹಾಕಿದರೆ ಗಾಳಿ ಬರುತ್ತದೆ, ತಂಪು ಸಾಲದು.

“ಗ್ಯಾಸ್ ಖಾಲಿ ಆಗಿರ್ತದ್ರಿ ಸರ, ತುಂಬಿಸ್ಕೊಂಡ್ ಬರ್ರಿ” ಎಂದು ಕಂಪೌಂಡಿನಾಚೆಯಿಂದ ನೆರೆಯವರು ಹೇಳುತ್ತಾರೆ. ಎಸಿ ಸೋತ ಕಾರಿಗೆ ಎಲ್ಲ ಊರಿನಲ್ಲೂ ಸಿಗುವ ಮೊದಲ ಸಲಹೆ ಇದೇ. ಡಿಪ್ಲೊಮಾ ಮೆಕ್ಯಾನಿಕಲ್ ಓದುತ್ತಿರುವ ಮಗಳು ತಲೆಯಾಡಿಸುತ್ತಾಳೆ. “ಮೊದ್ಲು ನೋಡಮು ಅಪ್ಪಾ, ಆಮ್ಯಾಲ ತುಂಬಿಸಮು.”

ಅವಳ ಮಾತಿಗೆ ಕಾರಣವಿದೆ. ಎಸಿ ತಂಪನ್ನು ತಯಾರಿಸುವ ಯಂತ್ರವಲ್ಲ, ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಚೆಲ್ಲುವ ಯಂತ್ರ. ಮನೆಯ ಮಣ್ಣಿನ ಹರವಿಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನು ಹೀರಿಕೊಂಡು ಹೋಗುವ ಹಾಗೆಯೇ, ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲಿನಲ್ಲಿ ಗ್ಯಾಸು ಆವಿಯಾಗುತ್ತ ಕಾರಿನೊಳಗಿನ ಬಿಸಿಯನ್ನು ಹೀರುತ್ತದೆ. ಈ ವಯಸ್ಸಿನ ಕಾರುಗಳಲ್ಲಿರುವುದು ಆರ್134ಎ ಎಂಬ ಗ್ಯಾಸು. ಬಯಲ ಗಾಳಿಯ ಒತ್ತಡದಲ್ಲಿ ಅದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿದು ಆವಿಯಾಗಿಬಿಡುತ್ತದೆ. ಆ ಆವಿಯನ್ನು ಕಂಪ್ರೆಸರ್ ಅದುಮಿ ಕಾರಿನ ಮೂತಿಯಲ್ಲಿರುವ ಕಂಡೆನ್ಸರಿಗೆ ತಳ್ಳುತ್ತದೆ. ಅಲ್ಲಿ ಬಿಸಿಯನ್ನು ಹೊರಗಾಳಿಗೆ ಕೊಟ್ಟು, ದ್ರವವಾಗಿ, ಗ್ಯಾಸು ಮತ್ತೆ ಒಳಗೆ ಬರುತ್ತದೆ. ಹೀಗೆ ಸುತ್ತುವ ಗ್ಯಾಸು ಖರ್ಚಾಗುವ ವಸ್ತುವಲ್ಲ. ಹಳೆಯ ರಬ್ಬರ್ ಹೋಸುಗಳಿಂದ ವರ್ಷಗಳ ಕಾಲ ಒಂದಿಷ್ಟು ಜಿನುಗುವುದುಂಟು. ಪೂರಾ ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಕಡಿಮೆಯೇ ಆಗಿಲ್ಲದಿದ್ದರೆ, ಬಿಸಿ ಹೊರಹೋಗುವ ದಾರಿ ಎಲ್ಲೋ ಕಟ್ಟಿಕೊಂಡಿರಬಹುದು.

ಮಾಸ್ತರರು ಎಂಜಿನ್ ಚಾಲೂ ಮಾಡುತ್ತಾರೆ. ಎಸಿ ಒತ್ತಿ, ಹೊರಗಾಳಿಯ ಕಿಂಡಿ ಮುಚ್ಚಿ, ಬ್ಲೋವರನ್ನು ಪೂರ್ತಿ ತಿರುಗಿಸುತ್ತಾರೆ. ಫ್ರಿಜ್ಜಿನಲ್ಲಿಡುವ ಪುಟ್ಟ ಥರ್ಮಾಮೀಟರು ನಡುವಿನ ಕಿಂಡಿಗೆ ಸಿಕ್ಕಿಕೊಂಡಿದೆ. ಹೊರಗೆ 41 ಡಿಗ್ರಿ, ಕಿಂಡಿಯಲ್ಲಿ 20. ಮಗಳು ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಬಾನೆಟ್ಟಿನ ಮುಂದೆ ನಿಲ್ಲುತ್ತಾಳೆ. ಎಸಿ ಫ್ಯಾನು ಯಾವ ಗಳಿಗೆಯಲ್ಲಾದರೂ ತಾನಾಗಿ ತಿರುಗೀತು, ಬೆರಳನ್ನೂ ಬಟ್ಟೆಯನ್ನೂ ಅದರ ಹತ್ತಿರ ಒಯ್ಯುವಂತಿಲ್ಲ. ‘ಟಕ್’ ಎಂಬ ಸದ್ದಿನೊಂದಿಗೆ ಕಂಪ್ರೆಸರಿನ ಕ್ಲಚ್ಚು ಹಿಡಿಯುತ್ತದೆ. ಬೆಲ್ಟು ಕಿರುಚುವುದಿಲ್ಲ, ಫ್ಯಾನು ತಿರುಗುತ್ತದೆ, ಒಳಗಿನಿಂದ ಬರುವ ದಪ್ಪ ಪೈಪು ತಣ್ಣಗೆ ಬೆವರುತ್ತದೆ. ಕ್ಲಚ್ಚಿನ ಸದ್ದೇ ಬಾರದಿದ್ದರೆ ಫ್ಯೂಸು, ರಿಲೇಗಳನ್ನು ನೋಡಬೇಕಾಗಿತ್ತು. ಇಲ್ಲಿ ಯಂತ್ರಕ್ಕೆ ಜೀವವಿದೆ, ಕಸುವು ಸಾಲದು.

ಅಷ್ಟರಲ್ಲಿ ಬಾಗಿಲಲ್ಲಿ ನಿಂತ ಅವ್ವ ಒಂದು ಮಾತು ಹೇಳುತ್ತಾಳೆ: “ಹುಮನಾಬಾದ್ ರೋಡ್ನಾಗ ಓಡೋ ಮುಂದ ಚಲೋ ಇರ್ತದ. ಜಗತ್ ಸರ್ಕಲ್ದಾಗ ಸಿಗ್ನಲ್‌ಗೆ ನಿಂತ್ರ ಸಾಕು, ಉಸಿರು ಕಟ್ತದ.” ಇಡೀ ಸಮಸ್ಯೆಯ ಕೀಲಿ ಈ ಮಾತಿನಲ್ಲಿದೆ. ಓಡುವಾಗ ಎದುರುಗಾಳಿ ಕಂಡೆನ್ಸರಿಗೆ ತಾನಾಗಿ ನುಗ್ಗುತ್ತದೆ. ನಿಂತಾಗ ಅದಕ್ಕೆ ಫ್ಯಾನೊಂದೇ ಗತಿ. ಫ್ಯಾನು ತಿರುಗುತ್ತಿದ್ದೂ ಸೋಲುತ್ತಿದೆಯೆಂದರೆ ಗಾಳಿ ನುಸುಳಲು ಸಂದಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ, ಎಂಜಿನ್ನು ತಣ್ಣಗಿರುವಾಗ, ಮುಂದಿನ ಜಾಲರಿ ಬಿಚ್ಚುತ್ತಾರೆ. ಕಂಡೆನ್ಸರಿನ ಅಲ್ಯೂಮಿನಿಯಂ ಎಸಳುಗಳ ನಡುವೆ ಒಂದು ಜಿಲ್ಲೆಯ ವರ್ಷಗಳೇ ಕೂತಿವೆ. ಎರೆಮಣ್ಣಿನ ಧೂಳು, ದೀಪಕ್ಕೆ ಮುಗಿಬಿದ್ದ ಹುಳಗಳ ರೆಕ್ಕೆ, ರಸ್ತೆಯ ಮೇಲೆ ರಾಶಿ ಮಾಡಿದ ತೊಗರಿಯ ಹೊಟ್ಟು. ಮಾಸ್ತರರು ಮೆತ್ತನೆಯ ಬಣ್ಣದ ಬ್ರಷ್ಷನ್ನು ಎಸಳುಗಳ ಉದ್ದಕ್ಕೆ, ಮೇಲಿಂದ ಕೆಳಕ್ಕೆ ಎಳೆಯುತ್ತಾರೆ. ಅಡ್ಡಕ್ಕೆ ಉಜ್ಜಿದರೆ ಎಸಳು ಬಾಗುತ್ತದೆ. ಮಗಳು ಗಿಡಕ್ಕೆ ನೀರು ಬಿಡುವ ಪೈಪಿನಿಂದ ಸಣ್ಣಗೆ ನೀರು ಹಾಯಿಸುತ್ತಾಳೆ. ಕಾರು ತೊಳೆಯುವ ಅಂಗಡಿಯ ಪ್ರೆಷರ್ ಗನ್ ಇಲ್ಲಿ ಸಲ್ಲದು, ಅದರ ಹೊಡೆತಕ್ಕೆ ಎಸಳುಗಳು ಮಡಚಿಕೊಂಡು ಇದ್ದ ಸಂದೂ ಮುಚ್ಚಿಹೋಗುತ್ತದೆ. ಕಲ್ಲುಹಾಸಿನ ಮೇಲೆ ಕಪ್ಪು ನೀರು ಹರಿಯುತ್ತದೆ, ಬರುಬರುತ್ತ ಬೂದಿಯ ಬಣ್ಣಕ್ಕೆ ತಿರುಗಿ, ಕೊನೆಗೆ ತಿಳಿಯಾಗುತ್ತದೆ. ಎಸಳುಗಳಾಚೆಯ ರೇಡಿಯೇಟರು ಈಗ ಕಣ್ಣಿಗೆ ಕಾಣುತ್ತಿದೆ.

ಮುಂದಿನ ಕೆಲಸ ಗಾಜಿನ ಬುಡದಲ್ಲಿ. ವೈಪರಿನ ಕೆಳಗಿನ ಪ್ಲಾಸ್ಟಿಕ್ ಜಾಲರಿ ಎತ್ತಿದರೆ ಒಣಗಿದ ಬೇವಿನ ಹೂ, ಎಲೆ, ಕಡ್ಡಿ ಹಿಡಿಗಟ್ಟಲೆ ಸಿಗುತ್ತವೆ. ನೆರಳಿಗೆಂದು ಬೇವಿನ ಮರದಡಿ ನಿಲ್ಲಿಸಿದ ಕಾರು ಯುಗಾದಿಯಿಂದೀಚೆಗೆ ಉದುರಿದ ಹೂವನ್ನೆಲ್ಲ ನುಂಗಿದೆ. ಹೊರಗಾಳಿ ಒಳಬರುವ ದಾರಿ ಇದೇ. ಗ್ಲವ್ ಬಾಕ್ಸ್ ಕಳಚಿ ಕ್ಯಾಬಿನ್ ಫಿಲ್ಟರ್ ಎಳೆದರೆ ಅದು ಕಂಬಳಿಯಷ್ಟು ದಪ್ಪಗೆ ಧೂಳು ಹೊದ್ದಿದೆ. ಎಷ್ಟೋ ಹಳೆಯ ಸಣ್ಣ ಕಾರುಗಳಲ್ಲಿ ಈ ಫಿಲ್ಟರೇ ಇರುವುದಿಲ್ಲ. ಅಲ್ಲಿ ಧೂಳೆಲ್ಲ ನೇರ ಕೂಲಿಂಗ್ ಕಾಯಿಲಿಗೆ ಹೋಗಿ, ಅದರ ತೇವಕ್ಕೆ ಅಂಟಿ, ಗಾಳಿಯನ್ನೂ ತಡೆದು ಮುಗ್ಗಲು ವಾಸನೆಯನ್ನೂ ತರುತ್ತದೆ. ಇಲ್ಲಿ ಹೊಸ ಫಿಲ್ಟರ್ ಹಾಕಿದರೆ ಸಾಕಾಯಿತು.

ಯಾರೂ ಹುಡುಕದ ಇನ್ನೊಂದು ಜಾಗವಿದೆ. “ನಾಬ್ ನೀಲಿ ಕಡಿ ತಿರುಗಿಸ್ರಿ ಅಪ್ಪಾ, ಈಗ ಕೆಂಪ್ ಕಡಿ” ಎನ್ನುತ್ತ ಮಗಳು ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚು ಹಿಡಿದು ಮಲಗಿದ್ದಾಳೆ. ನಾಬು ನೀಲಿಗೆ ಬಂದರೂ ಹೀಟರಿನ ಕದ ಪೂರ್ತಿ ಮುಚ್ಚುತ್ತಿಲ್ಲ. ಕೇಬಲ್ಲಿನ ಕ್ಲಿಪ್ಪು ಜಾರಿದೆ. ಎಂಜಿನ್ನಿನ ಬಿಸಿನೀರು ಹರಿಯುವ ಹೀಟರ್ ಕಾಯಿಲಿನ ಗಾಳಿ ಎಸಿಯ ತಂಪಿನೊಂದಿಗೆ ಬೆರೆಯುತ್ತಿತ್ತು. ಕ್ಲಿಪ್ಪನ್ನು ಹಿಂದಕ್ಕೆ ಸರಿಸಿ ಒತ್ತಿದರೆ ಕದ ಕೂರುತ್ತದೆ.

ಸಂಜೆ ಮತ್ತೆ ಅದೇ ಬಿಸಿಲು, ಅದೇ ಥರ್ಮಾಮೀಟರು. ಅಂಕಿ ಇಳಿದಿಳಿದು 13ಕ್ಕೆ ನಿಲ್ಲುತ್ತದೆ. ಅವ್ವ ಹಿಂದಿನ ಸೀಟಿನಲ್ಲಿ ಕೂತು, “ಇಲ್ಲಿ ತನಾ ಬರಲತದ ನೋಡು ಗಾಳಿ” ಎನ್ನುತ್ತಾಳೆ. ಒಂದು ಗ್ರಾಂ ಗ್ಯಾಸೂ ತುಂಬದೆ ಬಂದ ತಂಪು ಇದು.

ಆದರೆ ತೊಳೆಯುವಾಗ ಮಗಳ ಕಣ್ಣಿಗೆ ಮತ್ತೊಂದು ಬಿದ್ದಿತ್ತು. ಕಂಡೆನ್ಸರಿಗೆ ಪೈಪು ಸೇರುವ ಜಾಯಿಂಟಿನಲ್ಲಿ ಜಿಡ್ಡುಜಿಡ್ಡಾದ ಕಪ್ಪು ಕಲೆ. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತಿರುವುದರಿಂದ, ಸೋರುವ ಕಡೆ ಎಣ್ಣೆ ಜಿನುಗಿ ಧೂಳು ಹಿಡಿಯುತ್ತದೆ. ಎಂಜಿನ್ ನಿಲ್ಲಿಸಿ ಸೋಪಿನ ನೀರು ಸವರಿದರೆ ನಿಧಾನವಾಗಿ ಒಂದು ಗುಳ್ಳೆ ಉಬ್ಬುತ್ತದೆ. ಸೋರಿಕೆಯ ಜಾಗ ಸಿಕ್ಕಿತು. ಮನೆಯ ಕೆಲಸವೂ ಇಲ್ಲಿಗೆ ಮುಗಿಯಿತು.

ಮಾಸ್ತರರ ಕೈಯಲ್ಲಿ ಸ್ಪ್ಯಾನರಿದೆ, ಮಗಳು ಬೇಡವೆನ್ನುತ್ತಾಳೆ. ಎಂಜಿನ್ ನಿಂತಿದ್ದರೂ 40 ಡಿಗ್ರಿಯ ಬಿಸಿಯಲ್ಲಿ ಆ ಪೈಪುಗಳೊಳಗೆ ಸುಮಾರು 130 ಪಿಎಸ್‌ಐ ಒತ್ತಡವಿರುತ್ತದೆ, ಕಾರಿನ ಟೈರಿನಲ್ಲಿರುವುದು 30ರ ಆಸುಪಾಸು. ಸಡಿಲಿಸಿದ ಜಾಯಿಂಟಿನಿಂದ ಚಿಮ್ಮುವ ದ್ರವ ಚರ್ಮವನ್ನು ಹೆಪ್ಪುಗಟ್ಟಿಸುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಅದು ಗಾಳಿಗೆ ಸೇರಿದರೂ ಕೇಡೇ. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಆರ್134ಎ ಸುಮಾರು 1400 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಇಂಥ ಗ್ಯಾಸುಗಳ ಬಳಕೆ ಇಳಿಸಲೆಂದೇ 2016ರಲ್ಲಿ ಕಿಗಾಲಿ ತಿದ್ದುಪಡಿ ಎಂಬ ಅಂತರರಾಷ್ಟ್ರೀಯ ಒಪ್ಪಂದ ಬಂತು, 2021ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ನಮ್ಮ ಬಿಸಿಲನ್ನು ಇನ್ನಷ್ಟು ಬೇಯಿಸುವ ಗ್ಯಾಸನ್ನು ನಮ್ಮ ಅಂಗಳದಿಂದಲೇ ಬಿಡುವುದು ಸರಿಯಲ್ಲ. ಅಗ್ಗವೆಂದು ಅಡುಗೆ ಗ್ಯಾಸು ತುಂಬುವವರ ಮಾತಿಗಂತೂ ಕಿವಿಗೊಡಲೇಬಾರದು, ಅದು ಹೊತ್ತಿ ಉರಿಯುವ ವಸ್ತು.

ಕಾರು ಎಸಿ ಗ್ಯಾರೇಜಿಗೆ ಹೋಗುತ್ತದೆ. ಮೆಕ್ಯಾನಿಕ್ಕು ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರಕ್ಕೆ ಎಳೆದುಕೊಳ್ಳುತ್ತಾನೆ, ಸವೆದ ಓ-ರಿಂಗ್ ಬದಲಿಸುತ್ತಾನೆ. ಪಂಪು ಅರ್ಧ ಗಂಟೆ ವ್ಯಾಕ್ಯೂಮ್ ಎಳೆಯುತ್ತದೆ. ಆಮೇಲೆ ಪಂಪು ನಿಲ್ಲಿಸಿ ಗೇಜಿನ ಮುಳ್ಳು ಅಲುಗದಿರುವುದನ್ನು ಕಾಯುತ್ತಾರೆ. ಮುಳ್ಳು ಏರಿದರೆ ಇನ್ನೂ ಸೋರುತ್ತಿದೆಯೆಂದೇ ಅರ್ಥ. ಬಾನೆಟ್ಟಿನ ಸ್ಟಿಕರಿನಲ್ಲಿ ಬರೆದಷ್ಟೇ ಗ್ರಾಂ ಗ್ಯಾಸನ್ನು ತೂಕಮಾಡಿ ತುಂಬಬೇಕು. ಸಣ್ಣ ಕಾರುಗಳಲ್ಲಿ ಅದು ಅರ್ಧ ಕಿಲೋ ಆಸುಪಾಸು. ಹೆಚ್ಚು ತುಂಬಿದರೆ ಒತ್ತಡ ಏರಿ ತಂಪು ತಗ್ಗುತ್ತದೆ, ಕಂಪ್ರೆಸರೂ ನವೆಯುತ್ತದೆ.

ಕಲಬುರಗಿಯಂಥ ಊರಿನಲ್ಲಿ ಕಾರಿನ ಎಸಿ ಶೋಕಿಯಲ್ಲ. ಮಧ್ಯಾಹ್ನ ಎರಡಕ್ಕೆ ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯುವ ಮನೆಗೆ ಅದು ಆಸರೆ. ಹೊಸ ಕಾರು ಕೊಳ್ಳಲಾಗದವರಿಗೂ ಆ ಆಸರೆ ಉಳಿಯಬೇಕು, ಉಳಿಸಿಕೊಳ್ಳುವ ಬಹುಪಾಲು ಕೆಲಸ ನೀರು, ಬ್ರಷ್ಷು, ಟಾರ್ಚುಗಳಿಂದ ಆಗುವಂಥದ್ದು. ಮಗಳು ಕಾರಿನ ಸರ್ವಿಸ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದಾಳೆ: ತೊಗರಿ ರಾಶಿ ಮುಗಿದ ಮೇಲೆ ಕಂಡೆನ್ಸರ್ ತೊಳೆಯುವುದು, ಬೇವಿನ ಹೂ ಉದುರಿದ ಮೇಲೆ ಜಾಲರಿ, ಫಿಲ್ಟರ್ ನೋಡುವುದು, ಸೋರಿದ್ದು ಎಲ್ಲೆಂದು ತಿಳಿಯದೆ ಗ್ಯಾಸ್ ತುಂಬಿಸದಿರುವುದು.